ಮಗುವಿನ ಎತ್ತರ, ತೂಕ, ತೋಳಿನ ಸುತ್ತಳತೆ: ಅಂಗನವಾಡಿಗಳಲ್ಲಿ ನಾವು ಅಳೆಯುವ ಬಗೆ

ಐದು ವರ್ಷದೊಳಗಿನ ಮಕ್ಕಳ ಪೌಷ್ಟಿಕತೆ ಅಳೆಯುವಾಗ ನಮ್ಮನ್ನು ಹೆಚ್ಚು ಕಾಡುವುದು ತೂಕವಲ್ಲ, ವಯಸ್ಸು ಮತ್ತು ಎತ್ತರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 35.4 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ (ಇವರು ಕುಂಠಿತರು), ಶೇ 19.5 ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕವಿರಲಿಲ್ಲ (ಇವರು ಸೊರಗಿದವರು). ಎರಡೂ ಲೆಕ್ಕಕ್ಕೆ ಎತ್ತರವೇ ಆಧಾರ. ಎತ್ತರ ಒಂದು ಸೆಂ.ಮೀ. ತಪ್ಪಿದರೆ ಆ ಮಗುವಿಗೆ ಇರಬೇಕಾದ ತೂಕವೇ ಸುಮಾರು 200 ಗ್ರಾಂ ಆಚೀಚೆ ಆಗುತ್ತದೆ.

ವಯಸ್ಸನ್ನು ಬಾಯಿಮಾತಿನ ಮೇಲೆ ಬರೆದುಕೊಳ್ಳುವುದಿಲ್ಲ. ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ನೋಡುತ್ತೇವೆ. ಅವಿಲ್ಲದಿದ್ದರೆ ಯುಗಾದಿ, ಕಾರಹುಣ್ಣಿಮೆ, ದೀಪಾವಳಿ, ಊರ ಜಾತ್ರೆ ಗುರುತು ಹಾಕಿದ ತಿಂಗಳ ಪಟ್ಟಿ ಹಿಡಿದು, ‘ಕೂಸು ಹುಟ್ಟಿದ್ದು ಕಾರಹುಣ್ಣಿಮೆಗೆ ಮುಂಚೆನೋ ಆಮೇಲೋ, ಅವ್ವಾ?’ ಎಂದು ಕೇಳುತ್ತೇವೆ. 80.5 ಸೆಂ.ಮೀ. ಉದ್ದದ ಗಂಡು ಮಗುವಿಗೆ 21 ತಿಂಗಳಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಅದು ಕುಂಠಿತವಲ್ಲ. ಆ ವಯಸ್ಸಿಗೆ ಕುಂಠಿತ ಎನ್ನುವ ಗೆರೆ 79.4 ಸೆಂ.ಮೀ. ಅದೇ ಮಗುವಿಗೆ ‘ಎರಡು ವರ್ಷ’ ಎಂದು ಬರೆದರೆ ಗೆರೆ 81.7ಕ್ಕೆ ಏರಿ, ಮಗು ಕುಂಠಿತರ ಪಟ್ಟಿಗೆ ಸೇರುತ್ತದೆ.

ಎರಡು ವರ್ಷದೊಳಗಿನವರನ್ನು ಮಲಗಿಸಿ, ದೊಡ್ಡವರನ್ನು ನಿಲ್ಲಿಸಿ ಅಳೆಯಬೇಕು. ಚಿಕ್ಕ ಮಗುವನ್ನು ನಿಲ್ಲಿಸಿಯೇ ಅಳೆಯಬೇಕಾಗಿ ಬಂದರೆ 0.7 ಸೆಂ.ಮೀ. ಕೂಡಿಸುತ್ತೇವೆ, ದೊಡ್ಡದನ್ನು ಮಲಗಿಸಿದ್ದರೆ ಅಷ್ಟೇ ಕಳೆಯುತ್ತೇವೆ. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ತಲೆಯನ್ನು ಅಳತೆಯ ಹಲಗೆಗೆ ತಾಗಿಸಿ ಹಿಡಿದರೆ, ಇನ್ನೊಬ್ಬರು ಮೊಣಕಾಲು ಒತ್ತಿ, ಪಾದ ನೆಟ್ಟಗಾದ ಕ್ಷಣವೇ ಓದಿಕೊಳ್ಳಬೇಕು. ಅಳುವ ಮಗು ಮೊಣಕಾಲು ಮಡಚಿಕೊಳ್ಳುತ್ತದೆ. ಒಬ್ಬರೇ ಅಳೆದಲ್ಲಿ ಉದ್ದ ಕಡಿಮೆ ಬರುವುದು ಹೆಚ್ಚಾಗಿ ಇದರಿಂದಲೇ. ಜುಟ್ಟು, ಕ್ಲಿಪ್ಪು ಮೊದಲೇ ಬಿಚ್ಚಿಸಿ. ಶಹಾಬಾದ್ ಕಲ್ಲಿನ ನೆಲವಾದರೆ ಹಲಗೆ ಕಲ್ಲಿನ ಸಂದಿಯ ಮೇಲೆ ಕೂರದಂತೆ ಜರುಗಿಸಿ, ಅಲುಗಾಡಿಸಿ ನೋಡಿ. ಎರಡು ಸಲ ಅಳೆಯುತ್ತೇವೆ, 7 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎರಡನ್ನೂ ಬಿಟ್ಟು ಹೊಸದಾಗಿ ಅಳೆಯುತ್ತೇವೆ.

ತೂಕ ಸುಲಭ. ಬೆಳಿಗ್ಗೆ 5 ಕೆ.ಜಿ. ಕಲ್ಲಿಟ್ಟು ಯಂತ್ರ ಪರೀಕ್ಷಿಸಿ, ಸ್ವೆಟರ್, ಕಾಲ್ಗಡಗ ತೆಗೆಸಿ ತೂಗಿದರೆ ಸಾಕು.

ತೋಳಿನ ಸುತ್ತಳತೆಯನ್ನು ಆರು ತಿಂಗಳು ದಾಟಿದ ಮೇಲೆಯೇ ನೋಡುವುದು. ಎಡತೋಳು ಮಡಚಿ ಭುಜದ ತುದಿಯಿಂದ ಮೊಣಕೈ ತುದಿಯವರೆಗಿನ ಮಧ್ಯಬಿಂದು ಗುರುತಿಸಿ, ತೋಳು ಜೋತುಬಿಟ್ಟ ಮೇಲೆ ಟೇಪು ಸುತ್ತುತ್ತೇವೆ. ಚರ್ಮ ಸುಕ್ಕಾದರೆ ಟೇಪು ಬಿಗಿಯಾಗಿದೆ ಎಂದೇ ಅರ್ಥ. 11.5 ಸೆಂ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ ಮಧ್ಯಮ. ಟೇಪು ಹಿಡಿದುಕೊಟ್ಟ ಮಕ್ಕಳೂ ಎತ್ತರ–ತೂಕದ ಲೆಕ್ಕ ಹಿಡಿದುಕೊಟ್ಟ ಮಕ್ಕಳೂ ಎಲ್ಲ ಕಡೆ ಒಬ್ಬರೇ ಆಗಿರುವುದಿಲ್ಲ, ಆದ್ದರಿಂದ ಒಂದನ್ನು ನೆಚ್ಚಿ ಇನ್ನೊಂದನ್ನು ಬಿಡುವಂತಿಲ್ಲ. ಎರಡೂ ಪಾದದ ಮೇಲೆ ಮೂರು ಸೆಕೆಂಡು ಹೆಬ್ಬೆರಳು ಒತ್ತಿ ಬಿಟ್ಟಾಗ ಗುಳಿ ಉಳಿದರೆ, ತೂಕ ಎಷ್ಟೇ ಇರಲಿ, ಅದು ತೀವ್ರ ಅಪೌಷ್ಟಿಕತೆಯೇ. ಅಂಥ ಮಗುವಿನ ತೂಕದಲ್ಲಿ ನೀರಿನ ಭಾರವೂ ಸೇರಿರುತ್ತದೆ; ಅವತ್ತೇ ಆಸ್ಪತ್ರೆಗೆ ಕಳಿಸಿ.

ಸಂಜೆ ಪಟ್ಟಿಯಲ್ಲಿ ಎತ್ತರಗಳ ಕೊನೆಯ ಅಂಕಿ ನೋಡುತ್ತೇವೆ. ಸೊನ್ನೆ, ಐದೇ ತುಂಬಿದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ. ಇಂಥ ತಪ್ಪು ಅಳತೆಗಳು ಆಚೀಚೆ ಹರಡಿಕೊಂಡಾಗ, ನಿಜವಾಗಿ ಇರುವುದಕ್ಕಿಂತ ಹೆಚ್ಚು ಮಕ್ಕಳು ಸೊರಗಿದವರ ಪಟ್ಟಿಗೆ ಬೀಳುತ್ತಾರೆ. ಆಗ ತಂಡದವರೆಲ್ಲ ಒಂದೇ ಗುಂಪಿನ ಹತ್ತು ಮಕ್ಕಳನ್ನು ತಲಾ ಎರಡು ಸಲ ಅಳೆಯಬೇಕು. ಎರಡು ಅಳತೆ ಹೊಂದದವರು ಮತ್ತೆ ತರಬೇತಿ ಮುಗಿಸಿಯೇ ಹಲಗೆ ಮುಟ್ಟುವುದು.