ಪದುಮಳು ಒಳಗಿಲ್ಲ: ಮೆಚ್ಚಿನ ಹಾಡಿನ ಅರ್ಥವನ್ನು ಹುಡುಕುವ ಬಗೆ

ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮಡಿಕೇರಿಯಲ್ಲಿ ಕರೆಂಟು ಹೋದ ಒಂದು ಸಂಜೆ, ಕೆ.ಎಸ್. ನರಸಿಂಹಸ್ವಾಮಿಯವರ ‘ರಾಯರು ಬಂದರು ಮಾವನ ಮನೆಗೆ’ ಹಾಡನ್ನು ಹೇಳಿ ಮುಗಿಸಿದಾಗ, ಕಾಲೇಜಿಗೆ ಹೋಗುವ ನನ್ನ ಅಕ್ಕನ ಮಗಳು, “ಪದುಮಳು ಒಳಗಿಲ್ಲ ಅಂದರೆ ಎಲ್ಲಿಗೆ ಹೋಗಿದ್ದಳು ಚಿಕ್ಕಮ್ಮ?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ತಾಯಿ, “ಎಲ್ಲಿಗೂ ಹೋಗಿರಲಿಲ್ಲ ಮಗಾ, ಹೊರಗಾಗಿದ್ದಳು” ಎಂದರು. ರಾಯರ ಹೆಂಡತಿ ಪದುಮಳು ಮುಟ್ಟಾಗಿದ್ದರಿಂದ ಮನೆಯ ಒಳಗೆ ಬರುವಂತಿರಲಿಲ್ಲ. ಹಾಡು ಪೂರ್ತಿ ತಿಳಿದದ್ದು ಆ ಒಂದು ಮಾತಿನಿಂದ.

ಹೀಗೆ ಸಂಬಂಧಗಳನ್ನು ಕುರಿತ ಹಾಡನ್ನು ಅರ್ಥಮಾಡಿಕೊಳ್ಳಬಯಸುವವರು ಮೊದಲು ರಾಗವನ್ನು ಬದಿಗಿಟ್ಟು, ಸಾಹಿತ್ಯವನ್ನು ಹಾಳೆಯ ಮೇಲೆ ಕೈಯಾರೆ ಬರೆದುಕೊಳ್ಳಬೇಕು. ಇಂಪಾದ ರಾಗವು ನಮ್ಮನ್ನು ಪದದ ಮೇಲೆ ನಿಲ್ಲಗೊಡುವುದಿಲ್ಲ. ಸುಗಮ ಸಂಗೀತದ ಧ್ವನಿಮುದ್ರಿಕೆಗಳಲ್ಲಿ ಚರಣಗಳನ್ನು ಬಿಡುವುದೂ ಉಂಟಾದ್ದರಿಂದ ಮೂಲ ಸಂಕಲನವನ್ನು ನೋಡುವುದು ಲೇಸು. ಈ ಕವಿತೆ 1942ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ಯಲ್ಲಿದೆ.

ಬಳಿಕ ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾರು ಹೇಳದೆ ಉಳಿದಿದ್ದಾರೆ ಎಂಬುದನ್ನು ಗುರುತಿಸಬೇಕು. ಎರಡನೆಯದು ಹೆಚ್ಚು ಮುಖ್ಯವೆಂದು ನನ್ನ ಅನುಭವ. ಅಳಿಯನನ್ನು ಆದರದಿಂದ ಬರಮಾಡಿಕೊಂಡ ಆ ಮನೆಯಲ್ಲಿ, ಹೆಂಡತಿ ಏಕೆ ಎದುರಿಗಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೇಳುಗರಾದ ನಮಗೂ ಕವಿ ಅಷ್ಟನ್ನೇ ಕೊಡುತ್ತಾರೆ.

ಆಮೇಲೆ, ತೀರ ಸಾಮಾನ್ಯವೆಂದು ತೋರುವ ವಸ್ತುಗಳನ್ನು ಗಮನಿಸಬೇಕು. ರಾಯರು ಬಂದಾಗ ಕಾಲಿಗೆ ಬಿಸಿನೀರು ಬರುತ್ತದೆ. ಬೆಳಗಾದ ಮೇಲೆ ಅವರು ಮುನಿಸಿನಿಂದ ಹೊರಟು ನಿಂತಾಗ, ಒಳಮನೆಯಲ್ಲಿ ನೀರಾಯಿತೆಂದು ನಾದಿನಿ ರಾಗವಾಗಿ ಹೇಳುತ್ತಾಳೆ. ಮೊದಲನೆಯದು ಅತಿಥಿಗೆ ಕೊಟ್ಟ ನೀರು; ಎರಡನೆಯದು ಪದುಮಳು ಮಿಂದು ಒಳಗೆ ಬರುವಳೆಂಬ ಸುದ್ದಿ. ಹೀಗೆ ಮರಳಿ ಬರುವ ಪದವೊಂದು ಸಿಕ್ಕಿದರೆ ಅದರ ಕೆಳಗೆ ಗೆರೆ ಎಳೆಯಿರಿ.

ನಿಘಂಟು ಇಲ್ಲಿ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. ‘ಸಂಬಂಧ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕೊಡವ ಮದುವೆಯ ‘ಸಮ್ಮಂದ’ದ ಶಾಸ್ತ್ರದಲ್ಲಿ ಎರಡೂ ಕಡೆಯ ಅರುವರು, ಅಂದರೆ ಮನೆತನದ ಪರವಾಗಿ ನಿಲ್ಲುವವರು, ಮಾತನಾಡಿ ಹರಳುಗಳನ್ನು ಕೈಗೆ ಕೊಡುವಾಗ, ವಧುವಿಗೆ ಗಂಡನ ಮನೆಯಲ್ಲಿ ದೊರೆಯುವ ಹಕ್ಕು ಸ್ಥಾಪಿತವಾಗುತ್ತದೆ, ಅದನ್ನು ಕಂಡು ಬೆಳೆದವರಿಗೆ ಆ ಪದದಲ್ಲಿ ಪ್ರೀತಿಯ ಜೊತೆಗೆ ಅಧಿಕಾರವೂ ಕೇಳಿಸುತ್ತದೆ. ಆದ್ದರಿಂದ ಹಾಡು ಯಾವ ಮನೆಯ ನುಡಿಯಲ್ಲಿದೆಯೋ ಅಂಥ ಮನೆಯ ಹಿರಿಯರನ್ನು ಕೇಳಿರಿ.

ನಿಮ್ಮ ಸ್ವಂತ ನೆನಪನ್ನು ಕೊನೆಯಲ್ಲಿ, ಬೇರೆ ಬಣ್ಣದ ಶಾಯಿಯಲ್ಲಿ ಬರೆದುಕೊಳ್ಳಿ. ನಾನು ಬಹುಕಾಲ ಇದನ್ನು ರಾಯರ ನಿರಾಸೆಯ ಹಾಡೆಂದೇ ಕೇಳಿದ್ದೆ. ಆ ಸಂಜೆ ಅಕ್ಕನ ಮಗಳು ಹಾಳೆಯ ಅಂಚಿನಲ್ಲಿ, “ರಾಯರು ಬಂದ ಸದ್ದು ಪದುಮಳಿಗೆ ಕೇಳಿಸಿದಾಗ ಏನೆನ್ನಿಸಿತು?” ಎಂದು ಬರೆದಳು. ಮೇಣದಬತ್ತಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲ ಚರಣದಿಂದ ಮತ್ತೆ ಓದತೊಡಗಿದೆವು.