ನೀರಿನ ಸುಳಿಯಲ್ಲಿ ಭೂಮಿಯ ಪಾಲು ಹುಡುಕುವುದು ಹೇಗೆ?

ವಿಜ್ಞಾನ ಮೇಳ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮಾಷ್ಟ್ರೇ, ಭೂಮಿ ತಿರುಗುವುದರಿಂದ ಬೇಸಿನಿನ ನೀರು ನಮ್ಮಲ್ಲಿ ಅಪ್ರದಕ್ಷಿಣೆಯಾಗಿ, ಆಸ್ಟ್ರೇಲಿಯದಲ್ಲಿ ಪ್ರದಕ್ಷಿಣೆಯಾಗಿ ಇಳಿಯುತ್ತದಂತೆ, ಹೌದಾ?" ಬೇಸಿನಿನಲ್ಲಿ ಇಲ್ಲ. ಹಾಗಂತ ಮಾತು ಪೂರ್ತಿ ಸುಳ್ಳೂ ಅಲ್ಲ. ಎರಡನ್ನೂ ಮಾಡಿ ನೋಡಬಹುದು.

ಮೊದಲಿಗೆ ಸುಲಭದ್ದು. ಬೇಸಿನಿಗೆ ಬೂಚು ಹಾಕಿ, ಚೆಂಬಿನಿಂದ ಅಂಚಿಗೆ ತಾಗುವ ಹಾಗೆ ಒಂದೇ ಕಡೆಗೆ ನೀರು ಹೊಯ್ಯಿರಿ. ಸ್ವಲ್ಪ ಹೊತ್ತು ಬಿಟ್ಟು ಬೂಚು ತೆಗೆಯಿರಿ. ಹೊಯ್ದ ಕಡೆಗೇ ಸುಳಿ ಏಳುತ್ತದೆ. ಇನ್ನೊಂದು ಕಡೆಗೆ ಹೊಯ್ದರೆ ಸುಳಿಯೂ ಆ ಕಡೆಗೆ. ಕೆನ್ಯಾದ ನನ್ಯುಕಿಯಲ್ಲಿ ಸಮಭಾಜಕ ವೃತ್ತದ ಆಚೆ ಈಚೆ ನಾಲ್ಕು ಹೆಜ್ಜೆ ನಡೆದು ಪ್ರವಾಸಿಗಳಿಗೆ ತೋರಿಸುವ ಆಟದ ಗುಟ್ಟೂ ಇಂಥದ್ದೇ. ಎಲ್ಲ ಕೈಚಳಕ.

ಯಾಕೆ ಹೀಗೆ ಎಂಬುದಕ್ಕೆ ಲೆಕ್ಕ ಇದೆ. ಭೂಮಿಯ ಸುತ್ತು ನೆಲದ ಮೇಲಿಟ್ಟ ಪಾತ್ರೆಗೆ ಪೂರ್ತಿಯಾಗಿ ಸಿಗುವುದು ಧ್ರುವದಲ್ಲಿ ಮಾತ್ರ. ಸಮಭಾಜಕ ವೃತ್ತದಲ್ಲಿ ಸೊನ್ನೆ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರಕ್ಕೆ. ನಡುವಿನ ಊರುಗಳಿಗೆ ಸಿಗುವ ಪಾಲು ಅಕ್ಷಾಂಶದ ಸೈನ್ ಬೆಲೆಯಷ್ಟು, ನಮಗೆ ಅದು 0.216. ಅಂದರೆ ನಮ್ಮ ಪಾತ್ರೆಗೆ ಭೂಮಿಯ ಲೆಕ್ಕದ ಒಂದು ಸುತ್ತು ಮುಗಿಯಲು ಹತ್ತಿರ ಹತ್ತಿರ 110 ಗಂಟೆ, ನಾಲ್ಕೂವರೆ ದಿನ ಬೇಕು. ಕಣ್ಣಿಗೆ ನಿಂತಂತೆ ಕಾಣುವ ನೀರು ಒಳಗೊಳಗೆ ಗಂಟೆಗೊಂದು ಸುತ್ತು ಹಾಕುತ್ತಿದ್ದರೂ ಅದು ಭೂಮಿಯ ಪಾಲಿನ ನೂರು ಪಟ್ಟಾಯಿತು. 2021ರ ಮೇ ತಿಂಗಳಲ್ಲಿ ನಮ್ಮ ಕಡಲ ಕರೆಯನ್ನು ಕೊರೆದ ತೌಕ್ತೆ ಚಂಡಮಾರುತ ಅಪ್ರದಕ್ಷಿಣೆಯಾಗಿಯೇ ಸುತ್ತಿತು ನಿಜ. ಆದರೆ ಅದರ ಅಗಲ ನೂರಾರು ಕಿಲೋಮೀಟರು, ಆಯುಸ್ಸು ದಿನಗಟ್ಟಲೆ. ಬೇಸಿನು ಅರ್ಧ ನಿಮಿಷದಲ್ಲಿ ಖಾಲಿ.

ಇನ್ನು ಕಷ್ಟದ್ದು. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಪ್ರೊಫೆಸರಾಗಿದ್ದ ಆಶರ್ ಶಪಿರೊ 1962ರಲ್ಲಿ ಇದನ್ನು ಮಾಡಿ ತೋರಿಸಿದರು: ಆರಡಿ ಅಗಲದ ದುಂಡು ತೊಟ್ಟಿ, ಅರ್ಧ ಅಡಿ ನೀರು, ನಡುವೆ ಸಣ್ಣ ತೂತು. ಬೇಕೆಂದೇ ಪ್ರದಕ್ಷಿಣೆಯಾಗಿ ನೀರು ತುಂಬಿಸಿ, 24 ಗಂಟೆ ಬಿಟ್ಟು ತೆರೆದರು. ಸುಳಿ ಎದ್ದದ್ದು ಅಪ್ರದಕ್ಷಿಣೆಯಾಗಿ. 1965ರಲ್ಲಿ ಸಿಡ್ನಿಯಲ್ಲಿ ಬೇರೆಯವರು ಮಾಡಿದಾಗ ಪ್ರದಕ್ಷಿಣೆ ಬಂತು.

ನಮಗೆ ತೊಟ್ಟಿ ಎಲ್ಲಿಂದ? ಮೈಲುತುತ್ತು ಕಲಸುವ ಡ್ರಮ್ಮು ಸಾಲದು, ಅಗಲ ಕಡಿಮೆ. ನಾಲ್ಕಡಿಯ ಬಾವಿ ರಿಂಗೊಂದನ್ನು ಕೊಟ್ಟಿಗೆಯ ಮೂಲೆಯಲ್ಲಿ ಕಲ್ಲಿನ ಮೇಲೆ ಕೂರಿಸಿ, ತಳಕ್ಕೆ ನಯವಾಗಿ ಸಿಮೆಂಟು ಹಾಕಿಸಿ. ಮೇಸ್ತ್ರಿಗಳ ಲೆವೆಲ್ ಪೈಪಿನಲ್ಲಿ ಮಟ್ಟ ನೋಡದೆ ಮುಂದೆ ಹೋಗಬೇಡಿ. ತೂತು ಸರಿಯಾಗಿ ನಡುವಿಗೇ ಇರಬೇಕು, ಒಂದು ಸೆಂಟಿಮೀಟರು ಸಾಕು. ಅಡಿಯಿಂದ ಉದ್ದದ ಪೈಪು ಜೋಡಿಸಿ, ಬೂಚನ್ನು ಪೈಪಿನ ಆಚೆ ತುದಿಗೆ ಹಾಕಿ. ತೊಟ್ಟಿಯೊಳಗೆ ಕೈ ಹಾಕಿ ಬೂಚು ಎಳೆದರೆ ಆ ಎಳೆತವೇ ಸುಳಿಗೆ ದಿಕ್ಕು ಕೊಟ್ಟುಬಿಡುತ್ತದೆ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ಅರ್ಧ ಅಡಿ ನೀರು ಪ್ರದಕ್ಷಿಣೆಯಾಗಿ ಸುತ್ತುವಂತೆ ತುಂಬಿಸಿ. ಹಿಡಿಸೂಡಿಯ ಒಣಕಡ್ಡಿಯ ಬೆರಳುದ್ದದ ಎರಡು ತುಂಡುಗಳನ್ನು ನೂಲಿನಿಂದ ಶಿಲುಬೆಯ ಹಾಗೆ ಕಟ್ಟಿ, ತೂತಿನ ನೇರಕ್ಕೆ ಮೆಲ್ಲನೆ ತೇಲಿಬಿಡಿ. ಮೇಲೆ ಅಡಿಕೆ ಒಣಗಿಸುವ ಸೋಲಾರಿಗೆ ಹೊದೆಸುವ ಪಾರದರ್ಶಕ ಪ್ಲಾಸ್ಟಿಕ್ ಬಿಗಿಯಾಗಿ ಮುಚ್ಚಿ. ನೋಡಲಿಕ್ಕೆಂದು ಅದನ್ನು ಸರಿಸಬೇಕಾಗಿಲ್ಲ. ಫ್ಯಾನು ಬೇಡ, ಬಿಸಿಲು ಬೇಡ. ಬಚ್ಚಲ ಹಂಡೆಯ ಒಲೆ ಗೋಡೆಯಾಚೆಗಿದ್ದರೂ ಜಾಗ ಬದಲಾಯಿಸಿ. ಒಂದು ಬದಿ ಬಿಸಿಯಾದರೆ ನೀರು ತಾನಾಗಿ ಸರಿದಾಡುತ್ತದೆ. ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ನೀರು ತಣ್ಣಗಿರುತ್ತದೆ, ಅದು ಕೊಟ್ಟಿಗೆಯ ಹದಕ್ಕೆ ಬರಲೂ ಹೊತ್ತು ಬೇಕು. ನಮಗೆ ಸಿಗುವ ಭೂಮಿಯ ಪಾಲು ಶಪಿರೊ ಅವರಿಗೆ ಸಿಕ್ಕಿದ್ದರ ಮೂರನೇ ಒಂದರಷ್ಟು ಮಾತ್ರ, ಆದ್ದರಿಂದ ನಾನು ಒಂದಲ್ಲ, ಎರಡು ದಿನ ಬಿಡಿ ಎನ್ನುತ್ತೇನೆ. ಆ ಎರಡು ದಿನ ಕೊಟ್ಟಿಗೆಗೆ ಮಕ್ಕಳನ್ನು ಬಿಡದಿರುವುದೇ ದೊಡ್ಡ ಸಾಹಸ.

ಆಮೇಲೆ ಪೈಪಿನ ತುದಿಯ ಬೂಚು ತೆಗೆಯಿರಿ. ಮೊದಮೊದಲು ಏನೂ ಕಾಣದು, ಬೇಸರಿಸಬೇಡಿ. ಶಪಿರೊ ಅವರ ತೊಟ್ಟಿ ಬರಿದಾಗಲು 20 ನಿಮಿಷ ಹಿಡಿಯುತ್ತಿತ್ತು, ಕಡ್ಡಿ ತಿರುಗಲು ಶುರುವಾಗುತ್ತಿದ್ದುದು ಹನ್ನೆರಡು ಹದಿನೈದು ನಿಮಿಷದ ಮೇಲೆ. ಅಂಚಿನ ನೀರು ನಡುವಿಗೆ ಬರುತ್ತಾ ವೇಗ ಕೂಡಿಸಿಕೊಳ್ಳುತ್ತದೆ: ದೂರ ಅರ್ಧವಾದರೆ ಸುತ್ತು ನಾಲ್ಕು ಪಟ್ಟು.

ಒಂದು ಸಲ ಅಪ್ರದಕ್ಷಿಣೆ ಬಂತೆಂದು ಕುಣಿಯಬೇಡಿ. ಈಗ ಅಪ್ರದಕ್ಷಿಣೆಯಾಗಿ ತುಂಬಿಸಿ, ಮತ್ತೆ ಎರಡು ದಿನ ಬಿಟ್ಟು ನೋಡಿ. ಎರಡೂ ಬಗೆಯಲ್ಲಿ ತುಂಬಿಸಿದಾಗಲೂ, ಹಲವು ಸಲ ಮಾಡಿದಾಗಲೂ ಅಪ್ರದಕ್ಷಿಣೆಯೇ ಬಂದರೆ ಅದು ಭೂಮಿಯದ್ದು. ತುಂಬಿಸಿದ ಕಡೆಗೇ ಬಂದರೆ ನೀರು ಇನ್ನೂ ನಿಂತಿರಲಿಲ್ಲ ಅಂತ ಅರ್ಥ. ಹೇಗೆ ತುಂಬಿಸಿದರೂ ಪ್ರದಕ್ಷಿಣೆಯೇ ಬಂದರೆ ತಳದ ಮಟ್ಟವನ್ನೂ ತೂತಿನ ಜಾಗವನ್ನೂ ಇನ್ನೊಮ್ಮೆ ನೋಡಿ. ಯಾವುದು ಬಂದರೂ ಪುಸ್ತಕದಲ್ಲಿ ಹಾಗೆಯೇ ಬರೆಯಿರಿ. ತೀರ್ಪುಗಾರರು ಕೇಳುವುದು ಅದನ್ನೇ.

ಮೇಳಕ್ಕೆ ರಿಂಗು ಹೊರುವ ಯೋಚನೆ ಬೇಡ, ವಿಡಿಯೋ ಒಯ್ಯಿರಿ. ಮೊಬೈಲನ್ನು ತೊಟ್ಟಿಯ ಮೇಲಿಂದ ನೇರ ಕೆಳಗೆ ಹಿಡಿದು, ಹಿಂಬದಿಯ ಕ್ಯಾಮೆರಾದಲ್ಲೇ ತೆಗೆಯಿರಿ. ಕೆಲವು ಫೋನುಗಳ ಸೆಲ್ಫಿ ಕ್ಯಾಮೆರಾ ಎಡಬಲ ಅದಲುಬದಲು ಮಾಡಿಬಿಡುತ್ತದೆ.