‘ಗೆಟ್’ ಎಂಬ ಪುಟ್ಟ ಕ್ರಿಯಾಪದವೂ ನನ್ನ ಅನುವಾದವೂ

ಅನುವಾದದ ಕೆಲಸಕ್ಕೆ ಕೈ ಹಚ್ಚಿದ ಆರಂಭದ ದಿನಗಳಲ್ಲಿ, ಒಂದು ಕಥೆಯ ಕರಡಿನಲ್ಲಿ ನಾನು ‘ಅವಳು ರೈಲಿನಲ್ಲಿ ತನ್ನ ಪರ್ಸನ್ನು ಕದಿಸಿದಳು’ ಎಂದು ಬರೆದಿದ್ದೆ. ಮೂಲದಲ್ಲಿ ಇದ್ದದ್ದು ‘ಶಿ ಗಾಟ್ ಹರ್ ಪರ್ಸ್ ಸ್ಟೋಲನ್ ಆನ್ ದ ಟ್ರೇನ್’ ಎಂಬ ಸಾಧಾರಣ ವಾಕ್ಯ. ಕರಡನ್ನು ಓದಿದ ಸಂಪಾದಕರು ಆ ಸಾಲಿನ ಕೆಳಗೆ ಗೆರೆ ಎಳೆದು, ‘ಯಾರ ಕೈಯಲ್ಲಿ ಕದಿಸಿದಳು? ವಿಮೆಯ ಹಣಕ್ಕಾಗಿಯೋ?’ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಹಿಂದಿರುಗಿಸಿದರು. ನಗು ಬಂದರೂ ಅವಮಾನವೂ ಆಯಿತು. ಅದಕ್ಕೂ ಎರಡು ಪುಟ ಹಿಂದೆ ‘ಶಿ ಗಾಟ್ ಹರ್ ವಾಚ್ ರಿಪೇರ್ಡ್’ ಎಂಬುದನ್ನು ‘ಅವಳು ಕೈಗಡಿಯಾರ ರಿಪೇರಿ ಮಾಡಿಸಿದಳು’ ಎಂದು ಅನುವಾದಿಸಿದ್ದೆ, ಅದು ಸರಿಯಾಗಿಯೇ ಇತ್ತು. ವಾಕ್ಯದ ಕಟ್ಟಡ ಒಂದೇ ಆಗಿದ್ದುದರಿಂದ ಅದೇ ಸೂತ್ರವನ್ನು ಇಲ್ಲಿಯೂ ಹೂಡಿದ್ದೆ. ಬೇರೆಯವರಿಂದ ಮಾಡಿಸಿದ್ದನ್ನು ಹೇಳುವ, ಗಡಿಯಾರಕ್ಕೆ ಒಪ್ಪಿದ ‘ಇಸು’ ಪ್ರತ್ಯಯ ಪರ್ಸಿಗೆ ಬಂದ ಕೂಡಲೇ ಪಾಪದ ಹೆಂಗಸನ್ನು ಕಳ್ಳರ ಪಾಲುದಾರಳನ್ನಾಗಿ ಮಾಡಿಬಿಟ್ಟಿತ್ತು.

ಅಲ್ಲಿಯವರೆಗೆ ಕಷ್ಟದ ಪದಗಳೆಂದರೆ ಉದ್ದನೆಯ, ಲ್ಯಾಟಿನ್ ಮೂಲದ ಪದಗಳು ಎಂದೇ ನಾನು ತಿಳಿದಿದ್ದೆ. ಅವು ನಿಜಕ್ಕೂ ಸುಲಭ, ಏಕೆಂದರೆ ನಿಘಂಟು ತೆರೆದರೆ ಒಂದೋ ಎರಡೋ ಅರ್ಥ ಸಿಗುತ್ತದೆ ಮತ್ತು ಕೆಲಸ ಮುಗಿಯುತ್ತದೆ. ಬೆವರಿಳಿಸುವುದು ಎರಡು ಮೂರು ಅಕ್ಷರಗಳ ದಿನಬಳಕೆಯ ಪದಗಳು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದಾಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ 600ಕ್ಕೂ ಹೆಚ್ಚು ಅರ್ಥಗಳನ್ನು ಹೊತ್ತು ಅದನ್ನು ಹಿಂದಿಕ್ಕಿತು. ಆದರೂ ನನ್ನನ್ನು ಹೆಚ್ಚು ಕಾಡಿದ್ದು ಈ ಎರಡೂ ಅಲ್ಲ. ‘ರನ್’ ಪದಕ್ಕೆ ಎಷ್ಟೇ ಅರ್ಥಗಳಿದ್ದರೂ ಓಡುವುದು, ಹರಿಯುವುದು, ನಡೆಯುವುದು ಎಂಬ ಚಿತ್ರವೊಂದು ಕಣ್ಣ ಮುಂದೆ ಇರುತ್ತದೆ. ‘ಗೆಟ್’ ಪದಕ್ಕೆ ಅಂತಹ ಚಿತ್ರವೇ ಇಲ್ಲ.

ಸಂಪಾದಕರ ಆ ಪೆನ್ಸಿಲ್ ಟಿಪ್ಪಣಿಯ ನಂತರ ನಾನು ಚೀಟಿಗಳನ್ನು ಇಡತೊಡಗಿದೆ. ಓದುವಾಗ ‘ಗೆಟ್’ ಇರುವ ವಾಕ್ಯ ಕಂಡರೆ ಅದನ್ನು ಚೀಟಿಯ ಮುಂಭಾಗದಲ್ಲಿ ಬರೆದುಕೊಳ್ಳುವುದು, ಒಂದೆರಡು ದಿನ ಬಿಟ್ಟು ಅದೇ ಸಂದರ್ಭದಲ್ಲಿ ನಾನಾದರೆ ಕನ್ನಡದಲ್ಲಿ ಏನು ಹೇಳುತ್ತಿದ್ದೆ ಎಂದು ಬಾಯಿಬಿಟ್ಟು ಹೇಳಿಕೊಂಡು, ಬಾಯಿಗೆ ಬಂದದ್ದನ್ನು ಹಿಂಭಾಗದಲ್ಲಿ ಬರೆಯುವುದು. ನಿಘಂಟನ್ನು ನೋಡಬಾರದು ಎಂಬುದು ನಾನೇ ಹಾಕಿಕೊಂಡ ನಿಯಮ, ಏಕೆಂದರೆ ನಿಘಂಟು ಮೊದಲು ಕೊಡುವುದು ‘ಪಡೆ’ ಎಂಬ ಪದವನ್ನು, ಮತ್ತು ಆ ಪದ ಒಮ್ಮೆ ಕಣ್ಣಿಗೆ ಬಿದ್ದರೆ ಬೇರೆ ಯಾವುದನ್ನೂ ಹತ್ತಿರ ಬಿಡುವುದಿಲ್ಲ. ಪತ್ರ ಪಡೆದೆನು, ಅವಕಾಶ ಪಡೆದೆನು, ಸಂತೋಷ ಪಡೆದೆನು ಎಂದು ಎಲ್ಲವನ್ನೂ ಪಡೆಯುತ್ತಾ ಹೋಗುವ ಅನುವಾದಗಳನ್ನು ನಾವೆಲ್ಲರೂ ಓದಿದ್ದೇವೆ. ನನ್ನ ಮೊದಲ ಅನುವಾದಗಳೂ ಅಂಥವೇ ಆಗಿದ್ದವು.

ಚೀಟಿಗಳು ಇನ್ನೂರರ ಆಸುಪಾಸು ತಲುಪಿದಾಗ ಒಂದು ಸಂಜೆ ಅವನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಹಿಂಭಾಗದ ಕನ್ನಡವನ್ನು ಮಾತ್ರ ಓದುತ್ತಾ ಹೋದೆ. ‘ನನಗೆ ಕಾಗದ ಬಂತು’, ‘ನನಗೆ ಜ್ವರ ಬಂತು’, ‘ನನಗೆ ಕೋಪ ಬಂತು’, ‘ನನಗೆ ಕೆಲಸ ಸಿಕ್ಕಿತು’, ‘ನನಗೆ ದಣಿವಾಯಿತು’, ‘ನನಗೆ ಅರ್ಥವಾಯಿತು’. ಇಂಗ್ಲಿಷಿನಲ್ಲಿ ಇವೆಲ್ಲವೂ ‘ಐ ಗಾಟ್’ ಅಥವಾ ‘ಐ ಗೆಟ್’ ಎಂದೇ ಶುರುವಾಗುವ ವಾಕ್ಯಗಳು, ಅಂದರೆ ಅಲ್ಲಿ ‘ನಾನು’ ಪ್ರಥಮಾ ವಿಭಕ್ತಿಯಲ್ಲಿ ಎದೆಯೆತ್ತಿ ನಿಂತಿರುತ್ತೇನೆ. ಕನ್ನಡಕ್ಕೆ ಬಂದಾಗ ಅದೇ ‘ನಾನು’ ಚತುರ್ಥಿಗೆ ಸರಿದು ‘ನನಗೆ’ ಆಗಿದ್ದೆ, ಕಾಗದವೂ ಜ್ವರವೂ ಕೋಪವೂ ಕರ್ತೃವಿನ ಜಾಗದಲ್ಲಿ ಬಂದು ಕೂತಿದ್ದವು. ನಾನು ಇಷ್ಟು ದಿನ ‘ಗೆಟ್’ ಎಂಬ ಕ್ರಿಯಾಪದಕ್ಕೆ ಸಮಾನಪದ ಹುಡುಕುತ್ತಿದ್ದೆ. ಹುಡುಕಬೇಕಾಗಿದ್ದದ್ದು ವಾಕ್ಯದಲ್ಲಿರುವ ಆ ಮನುಷ್ಯ ಕನ್ನಡದಲ್ಲಿ ಯಾವ ವಿಭಕ್ತಿಯಲ್ಲಿ ನಿಲ್ಲುತ್ತಾನೆ ಎಂಬುದನ್ನು. ಅದು ತೀರ್ಮಾನವಾದರೆ ಕ್ರಿಯಾಪದ ತಾನಾಗಿಯೇ ಬರುತ್ತದೆ.

ಪದದ ಹಿಂದಿನ ಕಥೆಯೂ ಇದಕ್ಕೆ ಒತ್ತಾಸೆಯಾಯಿತು. ‘ಗೆಟ್’ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನ ‘ಗೆಟಾ’ ಎಂಬ ಪದದಿಂದ. ಅದರ ದಾಯಾದಿ ಧಾತು ಹಳೆಯ ಇಂಗ್ಲಿಷಿನಲ್ಲಿ ಮೊದಲೇ ಇತ್ತು ಮತ್ತು ಇಂದಿಗೂ ‘ಫರ್ಗೆಟ್’ ಪದದೊಳಗೆ ಅಡಗಿದೆ: ಹಿಡಿತಕ್ಕೆ ಸಿಕ್ಕಿದ್ದು ಕೈ ತಪ್ಪಿದರೆ ಅದು ಮರೆವು. ಇದನ್ನು ಓದಿದಾಗ ನನಗೆ ತಟ್ಟನೆ ಹೊಳೆದದ್ದು ನಮ್ಮ ‘ದಕ್ಕು’ ಎಂಬ ಪದ. ಅನುವಾದದಲ್ಲಿ ಅದನ್ನು ಬಳಸುವ ಸಂದರ್ಭ ಅಪರೂಪವಾದರೂ, ‘ಗೆಟ್’ ಹೊಟ್ಟೆಯಲ್ಲಿರುವ ಭಾವ ಅದೇ ಎಂದು ನಾನು ನಂಬಿದ್ದೇನೆ, ಮತ್ತು ‘ದಕ್ಕು’ ಕೂಡ ಚತುರ್ಥಿಯನ್ನೇ ಬೇಡುತ್ತದೆ.

ಹಾಗೆಂದು ಎಲ್ಲ ಚೀಟಿಗಳೂ ‘ನನಗೆ’ ರಾಶಿಗೆ ಸೇರಲಿಲ್ಲ. ಮನುಷ್ಯ ಬೇಕೆಂದೇ ಮಾಡಿದ ಕೆಲಸವಿದ್ದಲ್ಲಿ ಅವನು ಪ್ರಥಮೆಯಲ್ಲೇ ಉಳಿಯುತ್ತಾನೆ: ‘ಗೆಟ್ ಮಿ ಸಮ್ ವಾಟರ್’ ಎಂದರೆ ‘ನೀರು ತಂದುಕೊಡು’, ‘ಶಿ ಗಾಟ್ ಹೋಮ್ ಲೇಟ್’ ಎಂದರೆ ‘ಅವಳು ಮನೆ ಸೇರಿದ್ದು ತಡವಾಗಿ’. ಬೇರೆಯವರಿಂದ ಮಾಡಿಸಿದ್ದಾದರೆ ‘ಇಸು’ ಇದೆ, ‘ಗಾಟ್ ಹಿಮ್ ಟು ಸೈನ್’ ಎಂಬುದನ್ನು ‘ಅವನಿಂದ ಸಹಿ ಹಾಕಿಸಿದಳು’ ಎಂದರೆ ಸಾಕು, ಇಂಗ್ಲಿಷಿಗೆ ಇಡೀ ಒಂದು ಪದಗುಚ್ಛ ಬೇಕಾದಲ್ಲಿ ಕನ್ನಡ ಒಂದು ಪ್ರತ್ಯಯದಲ್ಲಿ ಮುಗಿಸುತ್ತದೆ.

ನಿಜವಾದ ತೊಡಕು ಇರುವುದು ಪರ್ಸಿನ ವಾಕ್ಯದಂತಹ ಕಡೆಗಳಲ್ಲಿ. ‘ಗೆಟ್’ ನಂತರ ಒಂದು ವಸ್ತು, ಅದರ ನಂತರ ಭೂತಕೃದಂತ (‘ಸ್ಟೋಲನ್’, ‘ರಿಪೇರ್ಡ್’ನಂತಹ ರೂಪ) ಬಂದರೆ ಅದು ಮಾಡಿಸಿದ್ದೂ ಆಗಬಹುದು, ಅನುಭವಿಸಿದ್ದೂ ಆಗಬಹುದು. ‘ಹಿ ಗಾಟ್ ಹಿಸ್ ಹೇರ್ ಕಟ್’ ಎಂದರೆ ಕ್ಷೌರ ಮಾಡಿಸಿಕೊಂಡ. ‘ಹಿ ಗಾಟ್ ಹಿಸ್ ಫಿಂಗರ್ಸ್ ಕಾಟ್ ಇನ್ ದ ಡೋರ್’ ಎಂದರೆ ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡಿತು. ಇಂಗ್ಲಿಷಿನ ವ್ಯಾಕರಣ ಇವೆರಡನ್ನೂ ಬೇರ್ಪಡಿಸುವುದಿಲ್ಲ, ಲೋಕಜ್ಞಾನ ಬೇರ್ಪಡಿಸುತ್ತದೆ: ಯಾರೂ ಬೇಕೆಂದು ಬೆರಳನ್ನು ಬಾಗಿಲಿಗೆ ಕೊಡುವುದಿಲ್ಲ. ಆದ್ದರಿಂದ ಇಂತಹ ವಾಕ್ಯ ಎದುರಾದಾಗ ನಾನು ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆ, ‘ಇದು ಅವನಿಗೆ ಬೇಕಿತ್ತೆ?’ ಎಂಬುದು. ಬೇಕಿದ್ದರೆ ‘ಇಸು’, ಬೇಡವಾಗಿದ್ದರೆ ವಸ್ತುವನ್ನೇ ಮುಂದೆ ತಂದು, ಒಡೆಯನನ್ನು ಷಷ್ಠಿಗೆ ತಳ್ಳಿ, ‘ಅವಳ ಪರ್ಸು ರೈಲಿನಲ್ಲಿ ಕಳುವಾಯಿತು’ ಎನ್ನುವುದು. ಕಾನೂನಿಗೆ ಸಂಬಂಧಿಸಿದ ಬರಹಗಳಲ್ಲಿ ಈ ಪ್ರಶ್ನೆ ಕೇಳದೆ ಮುಂದುವರಿಯುವುದು ಅಪಾಯಕಾರಿ, ಏಕೆಂದರೆ ‘ಹಿ ಗಾಟ್ ಹಿಸ್ ಬ್ರದರ್ ಅರೆಸ್ಟೆಡ್’ ಎಂಬ ವಾಕ್ಯದಲ್ಲಿ ತಮ್ಮನ ಮೇಲೆ ಅಣ್ಣನೇ ದೂರು ಕೊಟ್ಟನೋ ಅಥವಾ ಅಣ್ಣನ ಅವಿವೇಕದಿಂದ ತಮ್ಮ ಸೆರೆಯಾದನೋ ಎಂಬುದು ಹಿಂದುಮುಂದಿನ ಸಾಲುಗಳನ್ನು ಓದದೆ ತಿಳಿಯುವುದಿಲ್ಲ. ಆ ತಮ್ಮ ನಿಜಕ್ಕೂ ತಮ್ಮನೋ, ಅವನೇ ಅಣ್ಣನೋ ಎಂಬುದನ್ನೂ ‘ಬ್ರದರ್’ ಹೇಳುವುದಿಲ್ಲ ಎನ್ನುವುದು ಬೇರೆಯೇ ಗೋಳು.

ಕರ್ಮಣಿಯ ಜಾಗದಲ್ಲಿ ಬರುವ ‘ಗೆಟ್’ ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ಅಲ್ಲಿ ಕನ್ನಡ ತನ್ನ ಚಿಲ್ಲರೆಯನ್ನೆಲ್ಲ ಹೊರತೆಗೆಯುತ್ತದೆ. ‘ಹೊಡೆಯಲ್ಪಟ್ಟನು’ ಎಂದು ಯಾರೂ ಮಾತನಾಡುವುದಿಲ್ಲ. ಏಟು ತಿಂದ, ಬೈಸಿಕೊಂಡ, ಮೋಸ ಹೋದ, ಸಿಕ್ಕಿಬಿದ್ದ ಎನ್ನುತ್ತೇವೆ. ತಿನ್ನು, ಕೊಳ್ಳು, ಹೋಗು, ಬೀಳು ಎಂಬ ನಾಲ್ಕು ಪುಟ್ಟ ಕ್ರಿಯಾಪದಗಳು ‘ಗಾಟ್ ಬೀಟನ್’, ‘ಗಾಟ್ ಸ್ಕೋಲ್ಡೆಡ್’, ‘ಗಾಟ್ ಚೀಟೆಡ್’, ‘ಗಾಟ್ ಕಾಟ್’ ಎಂಬಲ್ಲಿ ಒಂದೇ ‘ಗೆಟ್’ ಮಾಡುವ ಕೆಲಸವನ್ನು ಹಂಚಿಕೊಂಡಿವೆ. ಅವುಗಳನ್ನು ಅದಲುಬದಲು ಮಾಡಲಾಗದು, ಮೋಸ ತಿಂದ ಎಂದೋ ಏಟು ಹೋದ ಎಂದೋ ಹೇಳಿದರೆ ಕೇಳುವವರು ನಗುತ್ತಾರೆ. ಒಂದು ಪದಕ್ಕೆ ನೂರು ಅರ್ಥ ಏಕೆ ಎಂದು ಇಂಗ್ಲಿಷನ್ನು ದೂರುವಾಗ ನಮ್ಮ ‘ಬೀಳು’ ಮತ್ತು ‘ಹೊಡೆ’ಗಳನ್ನು ಕಲಿಯಲು ಹೊರಟವರ ಪಾಡನ್ನೂ ನೆನೆಯಬೇಕು.

‘ಹ್ಯಾವ್ ಗಾಟ್’ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ನೋಡಲು ಆಗಿಹೋದ ಕ್ರಿಯೆಯಂತಿದ್ದರೂ ಅದರ ಅರ್ಥ ವರ್ತಮಾನದ್ದು. ‘ಐ ಹ್ಯಾವ್ ಗಾಟ್ ಟೂ ಸಿಸ್ಟರ್ಸ್’ ಎಂಬುದು ‘ನನಗೆ ಇಬ್ಬರು ಸೋದರಿಯರಿದ್ದಾರೆ’ ಎಂದಷ್ಟೆ, ‘ಹ್ಯಾವ್ ಗಾಟ್ ಟು ಗೋ’ ಎಂಬುದು ‘ಹೋಗಬೇಕು’ ಎಂದಷ್ಟೆ. ಅಮೆರಿಕದ ಬರಹದಲ್ಲಿ ಮಾತ್ರ ಒಂದು ಎಚ್ಚರ ಬೇಕು: ಅಲ್ಲಿ ‘ಹ್ಯಾವ್ ಗಾಟನ್’ ಎಂದಿದ್ದರೆ ಅದು ಇರುವುದನ್ನಲ್ಲ, ಹೊಸದಾಗಿ ಬಂದದ್ದನ್ನು ಅಥವಾ ಆದದ್ದನ್ನು ಹೇಳುತ್ತದೆ.

ಧ್ವನಿಯ ವಿಷಯದಲ್ಲಿ ನಾನು ಇನ್ನೂ ಎಡವುತ್ತೇನೆ. ‘ಗೆಟ್ ಔಟ್’ ಎಂಬುದು ಸಿಟ್ಟಿನಲ್ಲಿ ಬಂದರೆ ‘ಆಚೆ ನಡಿ’, ಆದರೆ ಗೆಳತಿಯರಿಬ್ಬರ ಹರಟೆಯಲ್ಲಿ ಅಚ್ಚರಿಯಿಂದ ಬಂದರೆ ‘ಹೋಗೇ, ಸುಳ್ಳು ಹೇಳಬೇಡ’. ಕನ್ನಡದಲ್ಲೂ ಅಲ್ಲಿ ‘ಹೋಗು’ ಎಂಬುದೇ ಬಂದದ್ದು ನನಗೆ ಸಿಕ್ಕ ಕೆಲವೇ ಪುಕ್ಕಟೆ ಉಡುಗೊರೆಗಳಲ್ಲಿ ಒಂದು. ಇತ್ತೀಚೆಗೆ ಒಂದು ನಾಟಕದಲ್ಲಿ ‘ಯು ಹ್ಯಾವ್ ಗಾಟ್ ಮಿ’ ಎಂಬ ಮಾತು ಎರಡು ಸಲ ಬಂದಿತ್ತು. ಮೊದಲ ಅಂಕದಲ್ಲಿ ಗಂಡ, ಕೇಳಿದ ಪ್ರಶ್ನೆಗೆ ಉತ್ತರ ತೋಚದೆ ಅದನ್ನು ಹೇಳುತ್ತಾನೆ. ಕೊನೆಯ ಅಂಕದಲ್ಲಿ ಹೆಂಡತಿ, ಎಲ್ಲವನ್ನೂ ಕಳೆದುಕೊಂಡು ಕೂತ ಅದೇ ಗಂಡನ ಪಕ್ಕದಲ್ಲಿ ಕೂತು ಹೇಳುತ್ತಾಳೆ. ಎರಡೂ ಕಡೆ ಒಂದೇ ಕನ್ನಡ ವಾಕ್ಯ ಬರುವಂತೆ ಮಾಡಲು ವಾರಗಟ್ಟಲೆ ಹೆಣಗಿ ಕೈಬಿಟ್ಟೆ. ಗಂಡನಿಗೆ ‘ಸೋತೆ ಮಾರಾಯ್ತಿ’ ಎಂದು ಬರೆದೆ, ಹೆಂಡತಿಗೆ ‘ನಿಮಗೆ ನಾನಿದ್ದೀನಲ್ಲ’ ಎಂದು. ಎರಡನೆಯ ಚೀಟಿಯನ್ನು ‘ನನಗೆ’ ರಾಶಿಯಲ್ಲೇ ಇಟ್ಟಿದ್ದೇನೆ.